ಹಳೆಯ ದಾಖಲೆಗಳನ್ನು ಎಐ ನೆರವಿನಿಂದ ಒಂದೇ ವೇದಿಕೆಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸ್ಥೆಯೊಂದರ ಕೈಪಿಡಿಗಳು, ವಿಕಿ ಪುಟಗಳು, ವರ್ಡ್ ಕಡತಗಳು, ಪಿಡಿಎಫ್‌ಗಳು ವರ್ಷಗಟ್ಟಲೆ ಬೇರೆ ಬೇರೆ ಕಡೆ ಬೆಳೆದಿರುತ್ತವೆ. ಅವುಗಳನ್ನು ಒಂದೆಡೆ ತರಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಇಂಥ ಸ್ಥಳಾಂತರಗಳಲ್ಲಿ ತಾಂತ್ರಿಕ ಬರಹಗಾರನಾಗಿ ಕೆಲಸ ಮಾಡಿದ ಅನುಭವದಿಂದ ಉತ್ತರಿಸಿದ್ದೇನೆ. ನನ್ನ ಅಭಿಪ್ರಾಯ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಅದನ್ನು ಮುಚ್ಚಿಟ್ಟಿಲ್ಲ.

ಎಲ್ಲಿಂದ ಆರಂಭಿಸಬೇಕು?

ಪಟ್ಟಿಯಿಂದ. ಯಾವ ಉಪಕರಣ ಕೊಳ್ಳಬೇಕು, ಯಾವ ಎಐ ಬಳಸಬೇಕು ಎಂಬ ಚರ್ಚೆಗೂ ಮೊದಲು ನಿಮ್ಮ ಬಳಿ ಏನೇನಿದೆ ಎಂಬುದು ಒಂದು ಹಾಳೆಯ ಮೇಲೆ ಬರಬೇಕು. ಹಂಚಿಕೆಯ ಡ್ರೈವ್, ಹಳೆಯ ವಿಕಿ, ಸಾಫ್ಟ್‌ವೇರ್ ಸಂಕೇತದ (ಕೋಡ್) ಜೊತೆಗಿರುವ ಓದುಕಡತಗಳು (ರೀಡ್‌ಮಿ), ಇಮೇಲ್ ಲಗತ್ತುಗಳು, ಯಾರದೋ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಉಳಿದಿರುವ ಟಿಪ್ಪಣಿ, ಎಲ್ಲವೂ ಸೇರಬೇಕು. ಪ್ರತಿ ಸಾಲಿನಲ್ಲಿ ಕಡತದ ಹೆಸರು, ಇರುವ ಜಾಗ, ಸ್ವರೂಪ, ಕೊನೆಯ ತಿದ್ದುಪಡಿಯ ದಿನಾಂಕ, ಈಗ ಅದಕ್ಕೆ ಹೊಣೆಗಾರರು ಯಾರು ಎಂಬುದನ್ನು ಬರೆಯಿರಿ. ಹೊಣೆಗಾರರ ಅಂಕಣದಲ್ಲಿ ಬಹಳಷ್ಟು ಸಾಲು ಖಾಲಿ ಉಳಿಯುತ್ತದೆ. ಗಾಬರಿ ಬೇಡ. ಆ ಖಾಲಿ ಜಾಗಗಳೇ ನಿಮ್ಮ ನಿಜವಾದ ಕೆಲಸದ ನಕ್ಷೆ.

ಅಕ್ಷರಶಃ ಒಂದೇ ಆಗಿರುವ ನಕಲುಗಳನ್ನು ಹುಡುಕಲು ಎಐ ಬೇಕಿಲ್ಲ. ಪ್ರತಿ ಕಡತಕ್ಕೂ ಶಾ-256 ಹ್ಯಾಶ್, ಅಂದರೆ ಕಡತದ ವಿಷಯದಿಂದ ಲೆಕ್ಕಹಾಕುವ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಹೋಲಿಸಿದರೆ ಸಾಕು. ಎರಡು ಹ್ಯಾಶ್ ಒಂದೇ ಆಗಿದ್ದರೆ ಎರಡೂ ಒಂದೇ ಕಡತ. ಆ ಜರಡಿ ಹಿಡಿದ ಮೇಲೆ ಉಳಿದವನ್ನು ಎಐ ಓದಲಿ. ಇದು ಯಾವುದರ ಬಗ್ಗೆ, ಯಾರಿಗಾಗಿ, ಯಾವ ಆವೃತ್ತಿಗೆ ಸಂಬಂಧಿಸಿದ್ದು, ಹೆಜ್ಜೆ ಹೆಜ್ಜೆಯಾಗಿ ಹೇಳುವ ಪುಟವೋ ವಿವರಣೆಯೋ ಎಂದು ಒಂದೊಂದು ಸಾಲು ಬರೆಯಲಿ. ಸಾವಿರಾರು ಕಡತಗಳನ್ನು ತೆರೆದು ನೋಡುವ ದಣಿವನ್ನು ಇದು ನಿಜಕ್ಕೂ ಉಳಿಸುತ್ತದೆ. ಈ ಹಂತದಲ್ಲಿ ಎಐ ಒಂದೆರಡು ಕಡೆ ತಪ್ಪಿದರೂ ನಷ್ಟವಿಲ್ಲ, ಏಕೆಂದರೆ ಪಟ್ಟಿಯನ್ನು ನೀವು ಹೇಗೂ ನೋಡುತ್ತೀರಿ.

ಇರುವುದೆಲ್ಲವನ್ನೂ ಹೊಸ ವೇದಿಕೆಗೆ ತರಬೇಕೇ?

ಬೇಡ. ಪ್ರತಿ ಪುಟದ ಮುಂದೆ ನಾಲ್ಕರಲ್ಲಿ ಒಂದು ತೀರ್ಮಾನ ಬೀಳಲಿ: ಹಾಗೆಯೇ ತರುವುದು, ತಿದ್ದಿ ತರುವುದು, ಓದಲು ಮಾತ್ರ ಸಿಗುವಂತೆ ಸಂಗ್ರಹದಲ್ಲಿಡುವುದು, ತೆಗೆದುಹಾಕುವುದು. ಕಾನೂನಿನ ಪ್ರಕಾರ ಇಷ್ಟು ವರ್ಷ ಇಡಲೇಬೇಕೆಂದಿರುವ ದಾಖಲೆಗಳಿದ್ದರೆ ಅವನ್ನು ಮೊದಲೇ ಬೇರ್ಪಡಿಸಿ.

ಎಷ್ಟು ಜನ ಓದುತ್ತಾರೆ ಎಂಬ ಅಂಕಿಯನ್ನು ಮಾತ್ರ ನಂಬಿ ತೀರ್ಮಾನಿಸಬೇಡಿ. ಬ್ಯಾಕಪ್‌ನಿಂದ ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸುವ ಪುಟವನ್ನು ವರ್ಷಕ್ಕೆ ಒಬ್ಬರೂ ತೆರೆಯದಿರಬಹುದು. ಅದು ಬೇಕಾಗುವ ದಿನ ಬೇರೆ ಯಾವ ಪುಟವೂ ಬೇಕಿರುವುದಿಲ್ಲ.

ಎಐಗೆ ಯಾವ ಕೆಲಸ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು?

ಬರಹದ ಆಕಾರ ಬದಲಿಸುವುದನ್ನು ಒಪ್ಪಿಸಬಹುದು. ಬರಹ ನಿಜವೇ ಎಂದು ತೀರ್ಮಾನಿಸುವುದನ್ನು ಒಪ್ಪಿಸಬಾರದು. ವಿಂಗಡಣೆ, ಸಾರಾಂಶ, ಶೀರ್ಷಿಕೆಗಳ ಮಟ್ಟ ಸರಿಪಡಿಸುವುದು, ಒಂದೇ ಪದವನ್ನು ಹತ್ತು ಬಗೆಯಲ್ಲಿ ಬರೆದಿರುವುದನ್ನು ಗುರುತಿಸುವುದು, ಹೋಲುವ ಪುಟಗಳನ್ನು ಜೋಡಿಸಿ ತೋರಿಸುವುದು, ಇವೆಲ್ಲ ಅದಕ್ಕೆ ಒಗ್ಗುವ ಕೆಲಸಗಳು. ಆದರೆ ಒಂದು ಪುಟ ಹೇಳುವ ವಿಧಾನ ಇಂದಿಗೂ ಹಾಗೆಯೇ ನಡೆಯುತ್ತದೆಯೇ ಎಂಬುದು ಆ ಪುಟದೊಳಗೆ ಬರೆದಿರುವುದಿಲ್ಲ. ಅದು ಯಂತ್ರದ ಮುಂದೆ ನಿಂತವರಿಗೆ, ಕೌಂಟರಿನಲ್ಲಿ ಕುಳಿತವರಿಗೆ, ಆ ಸಾಫ್ಟ್‌ವೇರನ್ನು ಬರೆದವರಿಗೆ ಗೊತ್ತು. ಪುಟವನ್ನಷ್ಟೇ ಓದಿದ ಎಐಗೆ ಗೊತ್ತಾಗುವ ದಾರಿಯೇ ಇಲ್ಲ. ಅದರ ಬುದ್ಧಿಗೆ ಕೊರತೆ ಇದೆ ಎಂದು ಇದನ್ನು ಹೇಳುತ್ತಿಲ್ಲ. ನೋಡದ ಸಂಗತಿಗೆ ಯಾರನ್ನು ಸಾಕ್ಷಿ ಕರೆದರೂ ಹೀಗೆಯೇ.

ಪ್ರತಿ ಕಡತವನ್ನೂ ಎಐಗೆ ಕೊಟ್ಟು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯರೂಪ) ಮಾಡಿಸಿಕೊಂಡರೆ ಸಾಲದೇ?

ಸಾಲದು, ಅದು ಒಳ್ಳೆಯ ದಾರಿಯೂ ಅಲ್ಲ. ಸ್ವರೂಪ ಪರಿವರ್ತನೆಗೆ ಎಐಗಿಂತ ಹಳೆಯ, ನಂಬಲರ್ಹ ಉಪಕರಣಗಳಿವೆ. ಪ್ಯಾಂಡಾಕ್ ಎಂಬ ಪರಿವರ್ತಕ ತಂತ್ರಾಂಶ 2006ರಿಂದ ಇದೇ ಕೆಲಸ ಮಾಡುತ್ತಿದೆ. ವರ್ಡ್, ಎಚ್‌ಟಿಎಂಎಲ್, ಮೀಡಿಯಾವಿಕಿ, ಲೇಟೆಕ್, ಡಾಕ್‌ಬುಕ್ ಮುಂತಾದ ಹಲವು ಸ್ವರೂಪಗಳನ್ನು ಓದಿ ಬೇರೊಂದಕ್ಕೆ ಬರೆಯುತ್ತದೆ. ವರ್ಡ್‌ನ ಡಾಕ್ಸ್ ಕಡತವೆಂದರೆ ಎಕ್ಸ್‌ಎಂಎಲ್ ಕಡತಗಳನ್ನು ಒಳಗಿಟ್ಟ ಜಿಪ್ ಕಟ್ಟು. ಬರೆದವರು ವರ್ಡ್‌ನ ಶೈಲಿಗಳನ್ನು ಸರಿಯಾಗಿ ಬಳಸಿದ್ದರೆ ಅದರಲ್ಲಿ ಯಾವುದು ಶೀರ್ಷಿಕೆ, ಯಾವುದು ಪಟ್ಟಿ ಎಂಬುದು ಸ್ಪಷ್ಟವಾಗಿ ಗುರುತಾಗಿರುತ್ತದೆ, ಊಹಿಸಬೇಕಾಗಿಲ್ಲ. ಅದಕ್ಕಿಂತ ಹಳೆಯ ಡಾಕ್ ಕಡತಗಳನ್ನು ಲಿಬ್ರೆಆಫೀಸ್ ಮೂಲಕ ಗುಂಪಾಗಿ ಡಾಕ್ಸ್‌ಗೆ ಬದಲಿಸಿಕೊಳ್ಳಬಹುದು. ಹಳೆಯ ವಿಂಡೋಸ್ ಸಹಾಯ ಕಡತಗಳಾದ ಸಿಎಚ್‌ಎಂಗಳನ್ನು 7-ಜಿಪ್‌ನಿಂದ ಬಿಚ್ಚಿದರೆ ಒಳಗಿನ ಎಚ್‌ಟಿಎಂಎಲ್ ಪುಟಗಳು ಸಿಗುತ್ತವೆ.

ಎಐಯ ನೆರವು ಇಲ್ಲಿ ಬೇರೊಂದು ರೀತಿಯಲ್ಲಿ ಬಹಳ ಬೆಲೆಬಾಳುತ್ತದೆ. ಪರಿವರ್ತನೆಯನ್ನು ಅದರಿಂದ ಮಾಡಿಸಬೇಡಿ, ಪರಿವರ್ತನೆ ಮಾಡುವ ಸ್ಕ್ರಿಪ್ಟನ್ನು ಅದರಿಂದ ಬರೆಸಿ. ಹಳೆಯ ವಿಕಿಯಲ್ಲಿ ಎಚ್ಚರಿಕೆಯ ಪೆಟ್ಟಿಗೆಗೆ ವಿಚಿತ್ರವಾದ ಗುರುತು ಇದೆ ಎಂದುಕೊಳ್ಳಿ. ಅದನ್ನು ಹೊಸ ವೇದಿಕೆಯ ಎಚ್ಚರಿಕೆಯಾಗಿ ಬದಲಿಸುವ ಲುವಾ ಫಿಲ್ಟರನ್ನು (ಪ್ಯಾಂಡಾಕ್ ಜೊತೆ ನಡೆಯುವ ಪುಟ್ಟ ಸ್ಕ್ರಿಪ್ಟ್) ಎಐ ಕೆಲವೇ ನಿಮಿಷದಲ್ಲಿ ಬರೆದುಕೊಡುತ್ತದೆ. ಅದನ್ನು ನೀವು ಓದಬಹುದು, ಹತ್ತು ಪುಟಗಳ ಮೇಲೆ ಪರೀಕ್ಷಿಸಬಹುದು. ಆಮೇಲೆ ಅದು ಸಾವಿರನೆಯ ಪುಟದ ಮೇಲೂ ಮೊದಲ ಪುಟದ ಮೇಲೆ ನಡೆದಂತೆಯೇ ನಡೆಯುತ್ತದೆ. ತಪ್ಪಿದ್ದರೆ ಎಲ್ಲ ಪುಟಗಳಲ್ಲೂ ಒಂದೇ ತಪ್ಪು, ಒಂದೇ ಕಡೆ ತಿದ್ದಿದರೆ ಎಲ್ಲವೂ ಸರಿ. ಪುಟ ಪುಟವನ್ನೂ ಎಐ ಹೊಸದಾಗಿ ಬರೆದಾಗ ಪ್ರತಿ ಪುಟದ ತಪ್ಪೂ ಬೇರೆ. ಅಂಥ ತಪ್ಪನ್ನು ಹುಡುಕುವುದು ಹೊಲದಲ್ಲಿ ಬಿದ್ದ ಸೂಜಿಯನ್ನು ಹುಡುಕಿದಂತೆ.

ಎಐ ಇಲ್ಲಿ ಎಂಥ ತಪ್ಪು ಮಾಡುತ್ತದೆ? ಅದನ್ನು ಹಿಡಿಯುವುದು ಹೇಗೆ?

ಇಲ್ಲದ್ದನ್ನು ಸೃಷ್ಟಿಸುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಸ್ಥಳಾಂತರದ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದ್ದದ್ದನ್ನು ನಯಗೊಳಿಸುವ ಅದರ ಗುಣ. ಹಳೆಯ ಕೈಪಿಡಿಯ ಒಂದು ವಾಕ್ಯ ಒರಟಾಗಿರುತ್ತದೆ: ‘ಕವಾಟ ಮುಚ್ಚುವ ಮೊದಲು ಒತ್ತಡ 2ಕ್ಕೆ ಇಳಿಯಬೇಕು, ಇಳಿಯದಿದ್ದರೆ ಮುಚ್ಚಬಾರದು, ಕಾಯಬೇಕು.’ ಎಐ ಅದನ್ನು ‘ಒತ್ತಡ ಇಳಿದ ನಂತರ ಕವಾಟವನ್ನು ಮುಚ್ಚಿ’ ಎಂದು ಚೊಕ್ಕವಾಗಿ ಬರೆಯುತ್ತದೆ. ಓದಲು ಚೆನ್ನಾಗಿದೆ. 2 ಎಂಬ ಅಂಕಿ ಹೋಯಿತು, ಮುಚ್ಚಬಾರದು ಎಂಬ ನಿಷೇಧ ಹೋಯಿತು. ಮೂಲ ಬರಹಗಾರರು ಒಂದೇ ಮಾತನ್ನು ಎರಡು ಸಲ ಹೇಳಿದ್ದರೆ ಬಹುಶಃ ಯಾರೋ ಒಮ್ಮೆ ಹಾಗೆ ಮುಚ್ಚಿ ಪಾಡುಪಟ್ಟಿದ್ದರು. ಒರಟು ವಾಕ್ಯದಲ್ಲಿ ಅನುಭವ ಅಡಗಿರುತ್ತದೆ. ಅದನ್ನು ನಯಗೊಳಿಸುವ ಹಕ್ಕು ವಿಷಯ ಬಲ್ಲವರಿಗೆ ಮಾತ್ರ.

ಎರಡನೆಯ ತಪ್ಪು ಮೊಟಕುಗೊಳಿಸುವುದು. ಪುಟ ಉದ್ದವಾದಂತೆ ಕೊನೆಯ ಭಾಗ ಕರಗುತ್ತದೆ, ಹನ್ನೆರಡು ಸಾಲುಗಳ ಕೋಷ್ಟಕ ಒಂಬತ್ತಾಗುತ್ತದೆ. ಒಂದು ಉತ್ತರದಲ್ಲಿ ಇಷ್ಟೇ ಬರೆಯಬಹುದೆಂಬ ಮಿತಿ ಪ್ರತಿ ಎಐ ಮಾದರಿಗೂ ಇದೆ. ಅದನ್ನು ಅಳೆಯುವ ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ತುಣುಕು) ಲೆಕ್ಕದಲ್ಲಿ ಕನ್ನಡದ ಬರಹ ಅಷ್ಟೇ ಅರ್ಥದ ಇಂಗ್ಲಿಷ್ ಬರಹಕ್ಕಿಂತ ಸಾಮಾನ್ಯವಾಗಿ ಹೆಚ್ಚು ಜಾಗ ತಿನ್ನುತ್ತದೆ. ಆದ್ದರಿಂದ ಕನ್ನಡದ ಪುಟಗಳನ್ನು ಇನ್ನೂ ಸಣ್ಣ ತುಂಡುಗಳಾಗಿ ಕೊಡಿ.

ಹಿಡಿಯುವ ಉಪಾಯಗಳು ಸರಳ. ಮೂಲ ಪುಟದಿಂದ ಎಲ್ಲ ಅಂಕಿಗಳು, ಘಟಕಗಳು, ಆದೇಶಗಳು, ದೋಷ ಸಂಖ್ಯೆಗಳು, ವಿಳಾಸಗಳನ್ನು ಸ್ಕ್ರಿಪ್ಟಿನಿಂದ ಹೆಕ್ಕಿ ತೆಗೆಯಿರಿ. ಹೊಸ ಪುಟದಿಂದಲೂ ತೆಗೆಯಿರಿ. ಎರಡು ಪಟ್ಟಿ ಹೊಂದದಿದ್ದರೆ ಆ ಪುಟ ಮುಂದೆ ಹೋಗಕೂಡದು. ‘ಬಾರದು’, ‘ಕೂಡದು’, ‘ಹೊರತು’, ‘ಮಾತ್ರ’ ಇಂಥ ಪದಗಳ ಎಣಿಕೆಯನ್ನೂ ಹೋಲಿಸಿ. ಶೀರ್ಷಿಕೆಗಳು, ಹೆಜ್ಜೆಗಳು, ಕೋಷ್ಟಕದ ಸಾಲುಗಳು, ಚಿತ್ರಗಳು ಎಷ್ಟೆಷ್ಟು ಎಂದು ಎಣಿಸಿ. ಸಾಫ್ಟ್‌ವೇರ್ ಸಂಕೇತದ ಭಾಗಗಳನ್ನು ಎಐಗೆ ತೋರಿಸಲೇಬೇಡಿ. ಕಳುಹಿಸುವ ಮೊದಲು ಪ್ರತಿಯೊಂದರ ಜಾಗದಲ್ಲಿ ಒಂದು ಗುರುತು ಇಟ್ಟು, ಉತ್ತರ ಬಂದ ಮೇಲೆ ಮೂಲವನ್ನೇ ಮರಳಿ ಅಂಟಿಸಿ. ಗುರುತು ಕಾಣೆಯಾಗಿದ್ದರೆ ಅದು ತಕ್ಷಣ ಗೊತ್ತಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಎಐಯ ಅಭಿಪ್ರಾಯ ಬೇಕಿಲ್ಲ ಎಂಬುದೇ ಇವುಗಳ ಬಲ.

ಒಂದು ಎಐ ಮಾಡಿದ್ದನ್ನು ಇನ್ನೊಂದು ಎಐಯಿಂದ ಪರೀಕ್ಷಿಸಬಹುದೇ ಎಂದು ಕೇಳುತ್ತಾರೆ. ಮಾಡಿಸಿ, ಕೆಲವು ತಪ್ಪು ಸಿಗುತ್ತವೆ. ಆದರೆ ಎಣಿಕೆಯ ಪರೀಕ್ಷೆಯ ಬದಲಿಗೆ ಅದನ್ನು ಇಡಬೇಡಿ.

ಪಿಡಿಎಫ್ ಮತ್ತು ಸ್ಕ್ಯಾನ್ ಮಾಡಿದ ಪುಟಗಳಿಗೆ ಏನು ಮಾಡಬೇಕು?

ಮೂಲ ಕಡತ ಎಲ್ಲಾದರೂ ಸಿಗುತ್ತದೆಯೇ ಎಂದು ಮೊದಲು ಹುಡುಕಿ. ಎರಡು ದಿನ ಹುಡುಕಿದರೂ ಲಾಭವೇ. 1993ರಲ್ಲಿ ಅಡೋಬಿ ಹೊರತಂದ ಪಿಡಿಎಫ್ ಪುಟ ಎಲ್ಲೆಡೆ ಒಂದೇ ತೆರನಾಗಿ ಕಾಣಬೇಕೆಂದು ಹುಟ್ಟಿದ್ದು. ಯಾವ ಅಕ್ಷರ ಪುಟದ ಯಾವ ಬಿಂದುವಿನಲ್ಲಿ ನಿಲ್ಲಬೇಕು ಎಂಬುದನ್ನು ಅದು ಇಟ್ಟುಕೊಳ್ಳುತ್ತದೆ. ಇದು ಶೀರ್ಷಿಕೆ, ಇದು ಹೆಜ್ಜೆ ಎಂಬುದು ಅನೇಕ ಪಿಡಿಎಫ್‌ಗಳಲ್ಲಿ ದಾಖಲಾಗಿರುವುದೇ ಇಲ್ಲ. ಹಾಗಾಗಿ ಎರಡು ಅಂಕಣದ ಪುಟದಿಂದ ಪಠ್ಯ ತೆಗೆದಾಗ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಅಂಟಿಕೊಳ್ಳುತ್ತದೆ, ಅಡಿಟಿಪ್ಪಣಿ ವಾಕ್ಯದ ನಡುವೆ ನುಗ್ಗುತ್ತದೆ.

ಚಿತ್ರವನ್ನೂ ಓದಬಲ್ಲ ಎಐ ಮಾದರಿಗಳು ಪುಟದ ವಿನ್ಯಾಸವನ್ನು ಚೆನ್ನಾಗಿ ಗ್ರಹಿಸುತ್ತವೆ, ಕೋಷ್ಟಕಗಳನ್ನು ಅಚ್ಚುಕಟ್ಟಾಗಿ ಎತ್ತುತ್ತವೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಟೆಸರಾಕ್ಟ್‌ನಂಥ ಸಾಂಪ್ರದಾಯಿಕ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಎಡವಿದಾಗ ತಪ್ಪು ತಪ್ಪಾಗಿಯೇ ಕಾಣುತ್ತದೆ, ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಣ್ಣಿಗೆ ಹೊಡೆಯುತ್ತವೆ. ಭಾಷಾ ಮಾದರಿ ಎಡವಿದಾಗ ಮಸುಕಾದ ಪದದ ಜಾಗದಲ್ಲಿ ಅಲ್ಲಿ ಇರಬಹುದಾದ ಒಳ್ಳೆಯ ಪದವನ್ನೇ ಕೂರಿಸುತ್ತದೆ. ವಾಕ್ಯ ಸರಾಗವಾಗಿರುತ್ತದೆ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಮುಖ್ಯವಾದ ಪುಟಗಳನ್ನು ಎರಡೂ ವಿಧಾನದಲ್ಲಿ ಓದಿಸಿ, ಎಲ್ಲಿ ಭಿನ್ನವಾಗಿವೆಯೋ ಅಲ್ಲಿ ಮನುಷ್ಯರು ಮೂಲ ಚಿತ್ರವನ್ನು ನೋಡಲಿ.

ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳ ಗತಿಯೇನು?

ಕನ್ನಡದ ದಾಖಲೆಗಳಿರುವವರು ಈ ಪ್ರಶ್ನೆಯನ್ನು ಕೊನೆಗೆ ತಳ್ಳುತ್ತಾರೆ, ಮೊದಲು ಎತ್ತಬೇಕಾದದ್ದೇ ಇದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನಕವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಬಳಕೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡು ಕೆಲಸ ನಡೆಸಿದವು. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಇದಕ್ಕೆ ಪರಿವರ್ತಕಗಳಿವೆ, ಅವನ್ನೇ ಬಳಸಿ. ಎಐಗೆ ಆ ಸಾಲುಗಳನ್ನು ಕೊಟ್ಟು ‘ಇದೇನು ಹೇಳು’ ಎಂದರೆ ಅದು ಊಹೆಗಿಳಿಯುತ್ತದೆ. ಪರಿವರ್ತಿಸುವ ಮೊದಲು ಕಡತವನ್ನು ಬರಿಯ ಪಠ್ಯವಾಗಿ ಉಳಿಸುವ ತಪ್ಪು ಮಾಡಬೇಡಿ. ಯಾವ ಪದ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿ ಅಲ್ಲಿ ಅಳಿಸಿಹೋಗುತ್ತದೆ, ಆಮೇಲೆ ನಡುನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಸವಾಗಿ ಮಾರ್ಪಡುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ. ಹಳೆಯ ಫಾಂಟ್‌ಗಳಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ರಕಾರ ಮೊದಲು ಬರಬೇಕು. ಕೊನೆಗೆ ಎಲ್ಲ ಪಠ್ಯವನ್ನೂ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಬಗೆಯಲ್ಲಿ ಬರೆಯುವ ರೂಪಕ್ಕೆ, ತನ್ನಿ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗದೇ ಹೋಗಬಹುದು.

ಯೂನಿಕೋಡಿಗೆ ಬಂದ ನಂತರ ಉಳಿದ ಕಾಗುಣಿತ ದೋಷಗಳನ್ನು ಗುರುತಿಸಲು ಎಐ ನೆರವಾಗುತ್ತದೆ. ಗುರುತಿಸಲಿ, ತಾನೇ ತಿದ್ದದಿರಲಿ.

ಒಂದೇ ವಿಷಯದ ಬಗ್ಗೆ ಎರಡು ಪುಟಗಳು ಬೇರೆ ಬೇರೆ ಹೇಳಿದರೆ?

ಒಟ್ಟುಗೂಡಿಸುವಾಗ ಇದು ಆಗಿಯೇ ಆಗುತ್ತದೆ. ಎರಡು ವಿಭಾಗಗಳು ಬೇರೆ ಬೇರೆ ಜಾಗದಲ್ಲಿ ಬರೆದುಕೊಂಡಿದ್ದಷ್ಟು ದಿನ ಭಿನ್ನಾಭಿಪ್ರಾಯ ಯಾರಿಗೂ ಕಾಣುತ್ತಿರಲಿಲ್ಲ. ಅರ್ಥದಲ್ಲಿ ಹತ್ತಿರವಿರುವ ಪುಟಗಳನ್ನು ಎಂಬೆಡಿಂಗ್ (ಪಠ್ಯದ ಅರ್ಥವನ್ನು ಸಂಖ್ಯೆಗಳಾಗಿ ಬದಲಿಸುವ ವಿಧಾನ) ಹೋಲಿಕೆಯಿಂದ ಜೋಡಿಸಿ, ಪ್ರತಿ ಜೋಡಿಯಲ್ಲಿ ಯಾವ ಹೇಳಿಕೆಗಳು ಹೊಂದುವುದಿಲ್ಲ ಎಂದು ಪಟ್ಟಿ ಮಾಡಲು ಎಐಗೆ ಹೇಳಿ. ‘ಎರಡನ್ನೂ ಸೇರಿಸಿ ಒಂದು ಪುಟ ಮಾಡು’ ಎಂದು ಮಾತ್ರ ಹೇಳಬೇಡಿ. ಒಂದು ಪುಟ 30 ದಿನ ಎನ್ನುತ್ತದೆ, ಇನ್ನೊಂದು 45 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಸೇರಿಸು ಎಂದರೆ ಅದು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಸದ್ದಿಲ್ಲದೆ ಬಿಡಬಹುದು, ಅಥವಾ ‘30ರಿಂದ 45 ದಿನ’ ಎಂಬ, ಯಾರೂ ಎಂದೂ ಪಾಲಿಸದ ಹೊಸ ನಿಯಮವನ್ನೇ ಹುಟ್ಟಿಸಬಹುದು.

ಹೊಸದಾದದ್ದೇ ಸರಿ ಎಂಬ ಸೂತ್ರವೂ ಕೈಕೊಡುತ್ತದೆ. ಯಾರೋ ಅಕ್ಷರದೋಷ ತಿದ್ದಿ ಉಳಿಸಿದ್ದರಿಂದ ಹಳೆಯ ಪುಟದ ದಿನಾಂಕ ಹೊಸದಾಗಿರಬಹುದು. ಕೆಲಸ ಮಾಡುವವರನ್ನು ಕೇಳಿ. ಅವರು ಮೂರನೆಯ ಉತ್ತರ ಕೊಟ್ಟರೆ ಆಶ್ಚರ್ಯಪಡಬೇಡಿ. ಅದನ್ನು ಬರೆಯಿರಿ, ಯಾರು ಯಾವಾಗ ಹೇಳಿದರು ಎಂಬುದನ್ನೂ ಬರೆಯಿರಿ.

ಚಿತ್ರಗಳು, ಕೋಷ್ಟಕಗಳು, ಬಣ್ಣಗಳು?

ಬಣ್ಣದಲ್ಲಿ ಅರ್ಥ ಇಟ್ಟಿರುವ ಪುಟಗಳನ್ನು ಮೊದಲೇ ಹುಡುಕಿ. ನಾನು ಕೆಲಸ ಮಾಡಿದ ಒಂದು ಸ್ಥಳಾಂತರದಲ್ಲಿ ‘ಕೆಂಪು ಸಾಲುಗಳನ್ನು ಬಿಟ್ಟು ಉಳಿದವನ್ನು ಅನುಸರಿಸಿ’ ಎಂಬ ಸೂಚನೆ ಉಳಿದಿತ್ತು, ಕೆಂಪು ಉಳಿದಿರಲಿಲ್ಲ. ಮಾರ್ಕ್‌ಡೌನ್‌ಗೆ ಬಣ್ಣವೂ ಇಲ್ಲ, ಕೂಡಿಸಿದ ಕೋಷ್ಟಕ ಕೋಶಗಳೂ ಇಲ್ಲ. ಅಂಥ ಕೋಷ್ಟಕಗಳನ್ನು ಎಚ್‌ಟಿಎಂಎಲ್‌ನಲ್ಲೇ ಬಿಡಿ, ಇಲ್ಲವೇ ಬಿಡಿಸಿ ಬರೆಯಿರಿ. ಚಿತ್ರಗಳಿಗೆ ಬದಲಿ ಪಠ್ಯ (ಚಿತ್ರ ನೋಡಲಾಗದವರಿಗಾಗಿ ಅದರ ವಿವರಣೆ) ಬರೆಯಲು ಎಐ ಒಳ್ಳೆಯ ಮೊದಲ ಕರಡು ಕೊಡುತ್ತದೆ.

ಹಳೆಯ ಕೊಂಡಿಗಳು ಮುರಿಯದಂತೆ ನೋಡಿಕೊಳ್ಳುವುದು ಹೇಗೆ?

ಹಳೆಯ ವಿಳಾಸಕ್ಕೆ ಎದುರಾಗಿ ಹೊಸ ವಿಳಾಸ ಇರುವ ಒಂದು ಕೋಷ್ಟಕವನ್ನು ಮೊದಲ ದಿನದಿಂದಲೇ ಬೆಳೆಸಿ. ಸ್ಥಳಾಂತರವಾದ ಪುಟಕ್ಕೆ 301 ಮರುನಿರ್ದೇಶನ (ಶಾಶ್ವತವಾಗಿ ಬೇರೆಡೆಗೆ ಹೋಗಿದೆ), ಬೇಕೆಂದೇ ತೆಗೆದ ಪುಟಕ್ಕೆ 410 ಉತ್ತರ (ತೆಗೆದುಹಾಕಲಾಗಿದೆ) ಬರುವಂತೆ ಮಾಡಿ. ಎಲ್ಲ ಹಳೆಯ ವಿಳಾಸಗಳನ್ನೂ ಮುಖಪುಟಕ್ಕೆ ಕಳುಹಿಸುವುದು ಓದುಗರಿಗೆ ಮಾಡುವ ಅನ್ಯಾಯ. ಏನು ಹುಡುಕಿ ಬಂದರೋ ಅದು ಎಲ್ಲಿ ಹೋಯಿತೆಂದು ಅವರಿಗೆ ತಿಳಿಯುವುದೇ ಇಲ್ಲ. ಜೋಡಣೆಯ ಕರಡನ್ನು ಎಐ ಸೂಚಿಸಬಹುದು. ‘7ನೆಯ ಹೆಜ್ಜೆ ನೋಡಿ’, ‘ಹಿಂದಿನ ಅಧ್ಯಾಯದಲ್ಲಿ ಹೇಳಿದಂತೆ’ ಎಂಬಂಥ ಕೊಂಡಿಯಿಲ್ಲದ ಉಲ್ಲೇಖಗಳನ್ನು ಹುಡುಕುವುದರಲ್ಲಿ ಅದು ಯಾವ ಲಿಂಕ್ ಪರೀಕ್ಷಕಕ್ಕಿಂತಲೂ ಮುಂದು.

ಹಳೆಯ ದಿನಾಂಕ ಮತ್ತು ಲೇಖಕರ ಹೆಸರು ಉಳಿಸಬೇಕೇ?

ಖಂಡಿತ ಉಳಿಸಬೇಕು. ಸ್ಥಳಾಂತರದ ಮರುದಿನ ಎಲ್ಲ ಪುಟಗಳೂ ‘ನಿನ್ನೆ ತಿದ್ದಲಾಗಿದೆ’ ಎಂದು ತೋರಿಸುತ್ತವೆ. ಹತ್ತು ವರ್ಷ ಯಾರೂ ಮುಟ್ಟದ ಪುಟವೂ ಹೊಚ್ಚ ಹೊಸದಾಗಿ ಕಾಣುತ್ತದೆ, ಓದುಗರು ನಂಬುತ್ತಾರೆ. ಮೂಲ ದಿನಾಂಕ, ಮೂಲ ಜಾಗ, ಸ್ಥಳಾಂತರದ ದಿನಾಂಕ, ವಿಷಯ ಬಲ್ಲವರು ಕೊನೆಯದಾಗಿ ಪರಿಶೀಲಿಸಿದ ದಿನಾಂಕ, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಪುಟದ ಮೇಲೆಯೇ ಬರೆಯಿರಿ. ಕೊನೆಯದು ಖಾಲಿ ಇದ್ದರೆ ‘ಇನ್ನೂ ಪರಿಶೀಲಿಸಿಲ್ಲ’ ಎಂದು ಕಾಣಲಿ. ಎಐ ಎಲ್ಲಿ ಕೈಯಾಡಿಸಿದೆ ಎಂಬುದೂ ದಾಖಲಾಗಲಿ.

ದಾಖಲೆಗಳನ್ನು ಹೊರಗಿನ ಎಐ ಸೇವೆಗೆ ಕಳುಹಿಸುವುದು ಸುರಕ್ಷಿತವೇ?

ಹಳೆಯ ಕೈಪಿಡಿಗಳಲ್ಲಿ ಪಾಸ್‌ವರ್ಡ್‌ಗಳು ಇರುತ್ತವೆ. ಗ್ರಾಹಕರ ಹೆಸರು, ಫೋನ್ ಸಂಖ್ಯೆ ಇರುವ ಪರದೆ ಚಿತ್ರಗಳು ಇರುತ್ತವೆ. ಆದ್ದರಿಂದ ಮೊದಲು ನಿಮ್ಮದೇ ಯಂತ್ರದಲ್ಲಿ ನಡೆಯುವ ಸ್ಕ್ರಿಪ್ಟಿನಿಂದ ಗುಪ್ತಪದ, ಕೀಲಿ, ಗುರುತಿನ ಸಂಖ್ಯೆಗಳನ್ನು ಶೋಧಿಸಿ. ಸಿಕ್ಕ ಪಾಸ್‌ವರ್ಡನ್ನು ಪುಟದಿಂದ ಅಳಿಸಿದರೆ ಸಾಲದು, ಅದನ್ನೇ ಬದಲಿಸಬೇಕು. ಸೇವೆ ನೀಡುವವರು ನಿಮ್ಮ ಪಠ್ಯವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ತರಬೇತಿಗೆ ಬಳಸುತ್ತಾರೆಯೇ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಬೇಕು. ತೀರಾ ಸೂಕ್ಷ್ಮವಾದವಕ್ಕೆ ನಿಮ್ಮ ಸರ್ವರಿನಲ್ಲೇ ನಡೆಯುವ ಮುಕ್ತ ಮಾದರಿ ಬಳಸಿ, ಫಲಿತಾಂಶ ಸ್ವಲ್ಪ ಕಡಿಮೆಯಾದರೂ ಸರಿ.

ಹಳೆಯ ವೇದಿಕೆಯಲ್ಲಿ ಯಾರಿಗೆ ಏನು ಕಾಣುತ್ತಿತ್ತು ಎಂಬ ಅನುಮತಿಗಳನ್ನೂ ನಕಲಿಸಿಕೊಳ್ಳಿ. ಎಲ್ಲವೂ ಒಂದೆಡೆ ಬಂದಾಗ ಎಲ್ಲರಿಗೂ ಎಲ್ಲವೂ ಕಂಡುಬಿಡುವ ಅಪಾಯವಿದೆ.

ಸಾವಿರಾರು ಪುಟಗಳನ್ನು ಮನುಷ್ಯರು ಓದಲು ಸಾಧ್ಯವೇ?

ಎಲ್ಲವನ್ನೂ ಒಂದೇ ಗಮನದಿಂದ ಓದಬೇಕಿಲ್ಲ. ತಪ್ಪಾದರೆ ಯಾರಿಗೆ ಏನಾಗುತ್ತದೆ ಎಂಬುದರ ಮೇಲೆ ವಿಂಗಡಿಸಿ. ಜೀವ, ಹಣ, ಕಾನೂನು, ದತ್ತಾಂಶ ನಾಶ ಇವುಗಳಿಗೆ ಸಂಬಂಧಿಸಿದ ಪುಟಗಳನ್ನು ಸಾಲು ಸಾಲಾಗಿ ಮೂಲದ ಜೊತೆ ಇಟ್ಟು ಓದಬೇಕು, ಓದಿದವರ ಹೆಸರು ಪುಟದ ಮೇಲೆ ಇರಬೇಕು. ಉಳಿದವುಗಳಲ್ಲಿ ಸ್ವಯಂಚಾಲಿತ ಪರೀಕ್ಷೆ ದಾಟದವನ್ನೆಲ್ಲ ಓದಿ, ದಾಟಿದವುಗಳಿಂದ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ ಓದಿ. ಆ ಕೆಲವು ಪುಟಗಳಲ್ಲಿ ಒಂದು ಗಂಭೀರ ತಪ್ಪು ಸಿಕ್ಕರೂ ಇಡೀ ಗುಂಪು ವಾಪಸು ಹೋಗಲಿ.

ಪರಿಶೀಲಿಸುವವರಿಗೆ ಕೆಲಸದ ವೇಳೆಯಲ್ಲಿ ಸಮಯ ಕೊಡಿ ಎಂದು ನಾನು ಪ್ರತಿ ಸಲವೂ ಒತ್ತಾಯಿಸುತ್ತೇನೆ. ಸಂಜೆ ಮನೆಗೆ ಹೋಗುವ ಮುನ್ನ ನಲವತ್ತು ಪುಟಗಳಿಗೆ ಒಪ್ಪಿಗೆ ಒತ್ತುವವರು ಏನನ್ನೂ ಓದಿರುವುದಿಲ್ಲ, ತಪ್ಪು ಅವರದೂ ಅಲ್ಲ.

ಯಾವ ವೇದಿಕೆ ಆರಿಸಬೇಕು?

ನಿಮ್ಮ ಬರಹವನ್ನು ಇಡಿಯಾಗಿ ಹೊರತೆಗೆಯಲು ಬಿಡುವಂಥದ್ದು. ಮಾರ್ಕ್‌ಡೌನ್ ಆಗಲಿ, ಡಿಟಾ (ತಾಂತ್ರಿಕ ದಾಖಲೆಗಳಿಗೆಂದೇ ಇರುವ ಎಕ್ಸ್‌ಎಂಎಲ್ ಸ್ವರೂಪ) ಆಗಲಿ, ಎಚ್‌ಟಿಎಂಎಲ್ ಆಗಲಿ, ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಚಿತ್ರ ಮತ್ತು ಇತಿಹಾಸ ಸಮೇತ ರಫ್ತು ಮಾಡಿಕೊಳ್ಳಲು ಬರಬೇಕು. ಕೊಳ್ಳುವ ಮೊದಲೇ ನೂರು ಪುಟ ಹಾಕಿ, ಹೊರತೆಗೆದು ನೋಡಿ.

ಎಲ್ಲ ಹಳೆಯ ಕಡತಗಳ ಮೇಲೆ ಒಂದು ಎಐ ಚಾಟ್ ಸಹಾಯಕ ಇಟ್ಟರೆ ಸ್ಥಳಾಂತರವೇ ಬೇಡವಲ್ಲ?

ಆಸೆ ಹುಟ್ಟಿಸುವ ದಾರಿ. ಅಂಥ ಸಹಾಯಕ ಪ್ರಶ್ನೆಗೆ ಹತ್ತಿರವಾದ ತುಣುಕುಗಳನ್ನು ಹುಡುಕಿ ತಂದು, ಅವುಗಳಿಂದ ಉತ್ತರ ಕಟ್ಟುತ್ತದೆ. ಸಂಗ್ರಹದಲ್ಲಿ 30 ದಿನವೂ ಇದೆ, 45 ದಿನವೂ ಇದೆ ಎಂದರೆ ಒಬ್ಬರಿಗೆ ಒಂದು ಉತ್ತರ, ಇನ್ನೊಬ್ಬರಿಗೆ ಇನ್ನೊಂದು ಹೋಗುತ್ತದೆ, ಎರಡೂ ಒಂದೇ ಆತ್ಮವಿಶ್ವಾಸದ ದನಿಯಲ್ಲಿ. ಮೊದಲು ಓದುಗರಿಗೆ ಹಳೆಯ ಪುಟದ ಹಳೆತನವಾದರೂ ಕಾಣುತ್ತಿತ್ತು. ಸಹಾಯಕವನ್ನು ಇಡಿ, ಆದರೆ ಪರಿಶೀಲಿಸಿದ ಪುಟಗಳ ಮೇಲೆ ಮಾತ್ರ ಇಡಿ, ಪ್ರತಿ ಉತ್ತರದ ಕೆಳಗೆ ಮೂಲ ಪುಟದ ಕೊಂಡಿಯೂ ಪರಿಶೀಲನೆಯ ದಿನಾಂಕವೂ ಬರಲಿ.

ಪುಟ ಬರೆದವರು ಸಂಸ್ಥೆ ಬಿಟ್ಟು ಹೋಗಿದ್ದರೆ?

ಆ ಕೆಲಸವನ್ನು ಇಂದು ಮಾಡುತ್ತಿರುವವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಪುಟ ನೋಡದೆ ಕೆಲಸ ಮಾಡಲಿ, ನೀವು ಪುಟ ಹಿಡಿದು ನೋಡಿ. ಎಲ್ಲಿ ಅವರ ಕೈ ಪುಟಕ್ಕಿಂತ ಬೇರೆಯಾಗಿ ಚಲಿಸುತ್ತದೆಯೋ ಅಲ್ಲಿ ನಿಲ್ಲಿಸಿ ಕೇಳಿ. ಅವರ ಒಪ್ಪಿಗೆಯಿಂದ ಮಾತನ್ನು ಧ್ವನಿಮುದ್ರಿಸಿಕೊಂಡರೆ ಎಐ ಅದನ್ನು ಬರಹಕ್ಕಿಳಿಸಿ ಹೆಜ್ಜೆಗಳ ಕರಡು ಮಾಡಿಕೊಡುತ್ತದೆ. ಕರಡನ್ನು ಅವರಿಗೇ ಓದಿ ಹೇಳಿ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಹಳೆಯ ವ್ಯವಸ್ಥೆಯನ್ನು ಯಾವಾಗ ಮುಚ್ಚಬಹುದು?

ಹೊಸದು ತೆರೆದ ದಿನವೇ ಹಳೆಯದರಲ್ಲಿ ಬರೆಯುವ ಅನುಮತಿಯನ್ನು ನಿಲ್ಲಿಸಿ. ಎರಡು ಕಡೆ ತಿದ್ದಲು ಬಿಟ್ಟರೆ ವಾರದೊಳಗೆ ಎರಡು ಸತ್ಯಗಳು ಹುಟ್ಟುತ್ತವೆ. ಓದಲು ಮಾತ್ರ ಇನ್ನಷ್ಟು ಕಾಲ ತೆರೆದಿರಲಿ. ಆ ಅವಧಿಯಲ್ಲಿ ಸರ್ವರ್ ದಾಖಲೆ ನೋಡಿ, ಜನ ಇನ್ನೂ ಯಾವ ಪುಟಕ್ಕಾಗಿ ಅಲ್ಲಿಗೆ ಹೋಗುತ್ತಿದ್ದಾರೆ, ಹೊಸದರಲ್ಲಿ ಏನು ಹುಡುಕಿ ಸಿಗದೆ ಮರಳುತ್ತಿದ್ದಾರೆ ಎಂದು ಪಟ್ಟಿ ಮಾಡಿ ಒಂದೊಂದಾಗಿ ಮುಗಿಸಿ. ವರ್ಷಾಂತ್ಯದ ಲೆಕ್ಕದಂಥ ವರ್ಷಕ್ಕೊಮ್ಮೆ ಬರುವ ಕೆಲಸವಿದ್ದರೆ ಅದು ಒಂದು ಸಲ ಹೊಸ ವೇದಿಕೆಯಿಂದಲೇ ನಡೆದು ಮುಗಿಯುವವರೆಗೆ ಕಾಯಿರಿ. ಆಮೇಲೆ ಪೂರ್ಣ ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ, ಅದರ ನಂತರ ಹಳೆಯ ಸರ್ವರನ್ನು ನಿಲ್ಲಿಸಿ.